ರಕ್ತಪಿಶಾಚಿಗಳ ಹಲ್ಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಂಗಸೊಬ್ಬರು ಕಿಟಕಿಗೆ ಮುಖ ಮಾಡಿ ಕೂತು ಒಂದು ಕೋರೆಹಲ್ಲನ್ನು ಅರದಿಂದ ಉಜ್ಜುತ್ತಿದ್ದಾರೆ. ನಡುನಡುವೆ ಅದನ್ನು ಬೆರಳ ತುದಿಗೆ ಒತ್ತಿ ನೋಡಿ, "ಚುಚ್ಚುತ್ತೆ, ಆಗಲ್ಲ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು ಮತ್ತೆ ಉಜ್ಜುತ್ತಾರೆ. ನೋಡುವವರ ಎದೆ ನಡುಗಿಸುವ ಹಲ್ಲು ತೊಟ್ಟವರ ತುಟಿಗೆ ಮಾತ್ರ ತಾಗಬಾರದಂತೆ!

ಸಿನಿಮಾದ ಪಿಶಾಚಿಗಳಿಗೆ ಹಲ್ಲು ಕಟ್ಟುವ ಇವರು ಸ್ಟುಡಿಯೋದವರಿಗೆಲ್ಲ ಹಲ್ಲಕ್ಕ. ರಕ್ತಪಿಶಾಚಿಯ ಸಿನಿಮಾ ನೋಡಿ ಬಂದು ತಲೆತುಂಬ ಹೊದ್ದು ಮಲಗಿದವರಲ್ಲಿ ನಾನೂ ಒಬ್ಬಳು. ನನ್ನ ನಿದ್ದೆ ಕೆಡಿಸಿದವರೇ ಇವತ್ತು "ಚಹಾ ಆರೋಗುತ್ತೆ, ಕುಡೀರಿ" ಎಂದು, ಕೆಲಸ ನೋಡಲು ಬಂದ ನನಗೆ ಉಪಚಾರ ಮಾಡುವಾಗ ನಗು ತಡೆಯಲಾಗುತ್ತಿಲ್ಲ.

ಗೋಡೆಯ ಕಪಾಟಿನ ತುಂಬ ನಟರ ಬಾಯಿಯ ಅಚ್ಚು ತೆಗೆದು ಮಾಡಿದ ಪ್ಲಾಸ್ಟರಿನ ದವಡೆಗಳು. ಮೇಲಿನ ಸಾಲು ಇದೇ ಕೆಲಸ ಮಾಡುತ್ತಿದ್ದ ಅವರ ಅಪ್ಪನ ಕಾಲದ್ದು. ಕಪ್ಪು-ಬಿಳುಪು ಚಿತ್ರದ ಪಿಶಾಚಿಗೆ ಇಲಿಯಂತೆ ಮುಂದಿನ ಎರಡು ಹಲ್ಲು ಉದ್ದ. ಆಮೇಲೆ ನಿಲುವಂಗಿ ತೊಟ್ಟು ನಯವಾಗಿ ಮಾತಾಡುವ ದೊರೆಗಳು ಬಂದರು. ಉದ್ದದ ಹಲ್ಲು ಬದಿಗೆ ಸರಿದು ಕೋರೆಯಾಯಿತು. ಬಣ್ಣ ಬಂದು ರಕ್ತ ಕೆಂಪಾದಾಗ ಬಿಳಿ ಹಲ್ಲು ಸೀಮೆಸುಣ್ಣದಂತೆ ಕಾಣತೊಡಗಿತು. ಅಪ್ಪ ಅವನ್ನು ಕಡು ಚಹಾದಲ್ಲಿ ನೆನೆಹಾಕಿ ಹಳದಿ ಮಾಡಿದರು. ಕೆಳಗಿನ ಸಾಲು ಈಚಿನ ಪ್ರೇಮಿ ಪಿಶಾಚಿಗಳದು. ಅವುಗಳ ಕೋರೆ ಅಕ್ಕಿಕಾಳಿನಷ್ಟೇ. "ಈಗಿನವರು ಕಚ್ಚೋದು ಕಮ್ಮಿ, ಅಳೋದು ಜಾಸ್ತಿ" ಎನ್ನುತ್ತಾರೆ ಹಲ್ಲಕ್ಕ.

ಕಂಪ್ಯೂಟರಿನಲ್ಲೇ ಹಲ್ಲು ಮೂಡಿಸುವ ಕಾಲ ಬಂದಾಗ ಸ್ಟುಡಿಯೋದವರು ಇತ್ತ ತಲೆ ಹಾಕಲಿಲ್ಲ. ಪ್ಲಾಸ್ಟರಿನ ದೂಳಿಗೆ ಹತ್ತಿದ ಕೆಮ್ಮು ಮಾತ್ರ ಉಳಿಯಿತು. ಆಗ ಹಲ್ಲಕ್ಕ ಬೀದಿಯ ಮುದುಕಿಯರಿಗೆ ಹಲ್ಲುಸೆಟ್ ಮಾಡಿಕೊಟ್ಟು ಹೊಟ್ಟೆ ಹೊರೆದರು. "ಪಿಶಾಚಿಗಳು ಕೈಬಿಟ್ವು, ಅಜ್ಜಿಯಂದಿರು ಸಾಕಿದ್ರು. ಅವರನ್ನ ಮರೆಯೋಕಾಗುತ್ತಾ?"

ಹಲ್ಲಕ್ಕನದೊಂದು ಪದ್ಧತಿಯಿದೆ. ಎಂಥ ಭಯಂಕರ ಪಿಶಾಚಿಯಾದರೂ ಹಲ್ಲು ತೊಟ್ಟ ಕೂಡಲೇ ಮೊದಲು ಮನೆಯ ಮಾತೊಂದನ್ನು ಆಡಬೇಕು: "ಸೊಸೆ ಸಂಜೆ ಸೋಪು ತಂದಳಾ?" ನಾಲಿಗೆ ತೊದಲಿದರೆ ಹಲ್ಲು ಮತ್ತೆ ಅರದ ಕೆಳಗೆ.

ಇವತ್ತಿನ ಹಲ್ಲು ಒಬ್ಬ ಹಿರಿಯ ನಟರದು. ಹರೆಯದಲ್ಲಿ ರಕ್ತಪಿಶಾಚಿ ದೊರೆಯಾಗಿ ಮೆರೆದವರು, ಈಗಲೂ ಎಲ್ಲರಿಗೂ 'ದೊರೆ'ಯೇ. ಆದರೆ ತೆರೆಯ ಮೇಲೆ ಅವರ ಧ್ವನಿಯನ್ನು ಯಾರೂ ಕೇಳಿಲ್ಲ. ಆಗ ಹಲ್ಲು ಕೂರಿಸುತ್ತಿದ್ದ ತಟ್ಟೆ ದಪ್ಪ. ಅಂಗುಳಕ್ಕೆ ಅಂಟಿಕೊಂಡು ಮಾತು ಮುದ್ದೆಯಾಗುತ್ತಿತ್ತು. ಪ್ರತಿ ಚಿತ್ರಕ್ಕೂ ಬೇರೆಯವರ ಕಂಠ. ಈಗ ಕೊನೆಯ ಚಿತ್ರ ಒಪ್ಪಿಕೊಂಡಿದ್ದಾರೆ. ಇದರಲ್ಲಾದರೂ ತಾವೇ ಮಾತಾಡಬೇಕೆಂಬುದೊಂದೇ ಆಸೆ. "ಇವತ್ತು ಬೆಳಗ್ಗೆ ಮಾತು ಸ್ಪಷ್ಟವಾಗಿ ಬಂದರೆ ಸರಿ, ಇಲ್ಲದಿದ್ದರೆ ಡಬ್ಬಿಂಗ್" ಎಂದಿದ್ದಾರೆ ನಿರ್ದೇಶಕರು.

ಹೋದ ವಾರ ಒಂದು ಎಡವಟ್ಟಾಗಿದೆ. ದೊರೆಗೆ ಹುಷಾರಿರಲಿಲ್ಲ, ಅಳತೆ ಕೊಡಲು ಬರಲಾಗಲಿಲ್ಲ. ಹಲ್ಲಕ್ಕ ಕಪಾಟಿನಿಂದ ಅವರ ಹಳೆಯ ದವಡೆ ಇಳಿಸಿ ಅದರ ಮೇಲೆಯೇ ಹಲ್ಲು ಕಟ್ಟಿದರು. ಪರೀಕ್ಷೆಯ ದಿನ ದೊರೆ ಬಾಯಿ ತೆರೆದದ್ದೇ ತಡ, ಹಲ್ಲು ಹಾರಿ ನಿರ್ದೇಶಕರ ಮಡಿಲಿಗೆ ಬಿತ್ತು. "ಅಪ್ಪ ತೆಗೆದ ಅಚ್ಚು, ತಪ್ಪಾಗೋಕೆ ಸಾಧ್ಯಾನೇ ಇಲ್ಲ ಅಂದ್ಕೊಂಡೆ. ವಸಡು ಸವೆದಿರುತ್ತೆ ಅನ್ನೋದು ಅಜ್ಜಿಯಂದಿರ ವಿಷಯದಲ್ಲಿ ಗೊತ್ತಿತ್ತು. ದೊರೆಗೂ ವಯಸ್ಸಾಗುತ್ತೆ ಅನ್ನೋದು ನನ್ನ ತಲೇಗೇ ಹೋಗ್ಲಿಲ್ಲ ನೋಡಿ!" ಮರುದಿನವೇ ಅವರ ಮನೆಗೆ ಹೋಗಿ ಹೊಸ ಅಚ್ಚು ತೆಗೆದು, ತಟ್ಟೆಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿದ್ದಾರೆ.

ನಾವು ಸ್ಟುಡಿಯೋ ತಲುಪುವಾಗ ದೊರೆಯ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಡಬ್ಬಿಂಗ್ ಕಲಾವಿದರೊಬ್ಬರನ್ನೂ ಕರೆಸಲಾಗಿದೆ. ದೊರೆ ಹಲ್ಲು ತೊಟ್ಟು, ಮೊದಲು ಸೊಸೆಯ ಸೋಪನ್ನು ವಿಚಾರಿಸಿಕೊಂಡು, ಗಂಟಲು ಸರಿಮಾಡಿ ಚಿತ್ರದ ಮಾತಿಗೆ ಬರುತ್ತಾರೆ.

"ಸಾವಿರ ವರ್ಷ ಸಾಯದೆ ಸುಸ್ತಾಗಿದೆ. ಸ್ವಲ್ಪ ಬಿಸಿಲು ತೋರಿಸಿ."

ಒಂದಕ್ಷರ ಜಾರುವುದಿಲ್ಲ. ಸ್ವಲ್ಪ ಒಡಕಿರುವ, ಮೆತ್ತಗಿನ ಧ್ವನಿ. ಡಬ್ಬಿಂಗ್ ಕಲಾವಿದರೇ ಎಲ್ಲರಿಗಿಂತ ಮೊದಲು ಎದ್ದು, "ನನಗಿಲ್ಲಿ ಕೆಲಸವಿಲ್ಲ" ಎಂದು ನಗುತ್ತ ದೊರೆಯ ಕೈ ಕುಲುಕುತ್ತಾರೆ. ನಿರ್ದೇಶಕರು ಒಪ್ಪಿಗೆಯಿಂದ ತಲೆಯಾಡಿಸುತ್ತಾರೆ.

ಹೆಂಡತಿ ಸೀದಾ ಹಲ್ಲಕ್ಕನ ಬಳಿ ಬಂದು ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಥಿಯೇಟರಿನಲ್ಲಿ ಪ್ರತಿ ಸಲ ಬೇರೆ ಯಾರದೋ ಗಂಡನ ಜೊತೆ ಕೂತ ಹಾಗಾಗ್ತಿತ್ತು ತಾಯಿ. ಇವತ್ತು ನಮ್ಮ ಮನೆಯವರೇ ಮಾತಾಡಿದ್ರು."

ಹಲ್ಲಕ್ಕ ಅವರ ಕೈಯನ್ನು ಮೆಲ್ಲಗೆ ತಟ್ಟುತ್ತಾರೆ. ಅರ, ಚಿಮಟ, ಅಚ್ಚಿನ ಡಬ್ಬಿಯನ್ನು ಚೀಲಕ್ಕೆ ತುಂಬಿಕೊಂಡು ನನ್ನೊಡನೆ ಹೊರಗೆ ನಡೆಯುತ್ತಾರೆ. ನಮ್ಮನ್ನು ಇಷ್ಟು ವರ್ಷ ಚೆನ್ನಾಗಿ ಹೆದರಿಸಿದ್ದಕ್ಕೆ ಅವರಿಗೆ ಮನಸಾರೆ ಕೃತಜ್ಞತೆ ಹೇಳಿ, ಚಿತ್ರ ಬಿಡುಗಡೆಯಾದಾಗ ಮುಂದಿನ ಸಾಲಿನಲ್ಲಿ ಕೂತು ನಿಮ್ಮ ಹಲ್ಲು ನೋಡುತ್ತೀರಾ ಎಂದು ಕೇಳುತ್ತೇನೆ.

"ಹಲ್ಲು ಜೀವನಪೂರ್ತಿ ನೋಡಿದ್ದಾಯ್ತಲ್ಲಮ್ಮ" ಎನ್ನುತ್ತಾರೆ. "ಈ ಸಿನಿಮಾನ ಕಣ್ಣು ಮುಚ್ಕೊಂಡು ಕೇಳ್ಬೇಕು."