ಮಂತ್ರಿಗೆ ಕೊಟ್ಟ ಅಭಿಪ್ರಾಯಗಳು

ಲಂಡನ್ನಿನಲ್ಲಿ ಬೌರೊನ ಅಭಿಪ್ರಾಯ ಕೇಳದೆ ಉಳಿದವರು ಯಾರೂ ಇರಲಿಲ್ಲ. ಬೇಕೆಂದು ಕೇಳಿದವರೂ ಇರಲಿಲ್ಲ, ಆ ಮಾತು ಬೇರೆ. ಕ್ರಿಸ್ಮಸ್ ದ್ವೀಪದ ನಮ್ಮ ಈ ಪುಟ್ಟ ಲಂಡನ್ನಿನಿಂದ ಬನಾನಾ ಊರಿಗೆ ಇರುವುದು ಒಂದೇ ರಸ್ತೆ. ಆ ರಸ್ತೆಯಲ್ಲಿ ತೆಂಗಿನ ಸಾಲು ಮುಗಿಯುವ ಕಡೆ ಅವನ ಗ್ರ್ಯಾಂಡ್ ಹೋಟೆಲು. ಆರು ಕೋಣೆ, ಒಂದು ಜಗಲಿ, ಜಗಲಿಯ ಮೇಲೊಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಬೌರೊ. ಸೈಕಲ್ಲಿನವರು ಆ ಜಾಗ ಬಂತೆಂದರೆ ತಲೆ ತಗ್ಗಿಸಿ ಜೋರಾಗಿ ತುಳಿಯುತ್ತಿದ್ದರು.

ಅವನು ದ್ವೀಪದ ಹೋಟೆಲ್ ಮಾಲೀಕರ ಸಂಘದ ಅಧ್ಯಕ್ಷ. ಸಂಘದಲ್ಲಿ ಒಟ್ಟು ನಾಲ್ಕು ಹೋಟೆಲು. ಅದರಲ್ಲೊಂದಕ್ಕೆ ಇನ್ನೂ ಛಾವಣಿ ಬಂದಿರಲಿಲ್ಲ, ಇನ್ನೊಂದರ ಮಾಲೀಕನಿಗೆ ಕಿವಿ ಕೇಳುತ್ತಿರಲಿಲ್ಲ, ಮತ್ತೊಂದರವನು ಸಭೆಗೆ ಬಂದು ನಿದ್ದೆ ಮಾಡುತ್ತಿದ್ದ. ಹೀಗಾಗಿ ಬೌರೊ ಪ್ರತಿ ಸಲವೂ ಅವಿರೋಧವಾಗಿ ಆಯ್ಕೆಯಾಗುತ್ತಿದ್ದ.

ಬುಧವಾರದ ವಿಮಾನದಲ್ಲಿ ಬರುವ ಪ್ರವಾಸಿಗಳ ಪಾಡು ಕೇಳುವುದೇ ಬೇಡ. ಅವರು ಪಾಪ, ಸಮುದ್ರ ದಾಟಿ ಹಾರಿ ಬಂದು, ಒಳಗಡಲಿನ ಮೊಣಕಾಲುದ್ದದ ನೀರಿನಲ್ಲಿ ನಿಂತು, ಬೆಳ್ಳಿ ಬಣ್ಣದ ಮೀನು ಹಿಡಿದು, ಅದರ ಜೊತೆ ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಟ್ಟು ಖುಷಿಪಡುವ ಜನ. ಹಿಡಿದ ಮೀನನ್ನು ಬಿಡುವುದು ಯಾವ ಸೀಮೆಯ ಬುದ್ಧಿ ಎಂದು ನಮ್ಮ ಹೆಂಗಸರು ಇವತ್ತಿಗೂ ನಗುತ್ತಾರೆ. ದೋಣಿ ಬೌರೊನದು, ಸುತ್ತ ನೀರು. ಓಡಿಹೋಗುವುದಾದರೂ ಎಲ್ಲಿಗೆ?

"ನೋಡಿ ಸ್ವಾಮಿ," ಎಂದು ಬೌರೊ ಶುರುಮಾಡುತ್ತಿದ್ದ. "ಹೋಟೆಲಿನವನಿಗೂ ರಾಜಕೀಯದವನಿಗೂ ವ್ಯತ್ಯಾಸ ಇಷ್ಟೇ. ಹೋಟೆಲಿನವನು ನಿಮ್ಮನ್ನ ಮಲಗಿಸಿ ದುಡ್ಡು ತಗೋತಾನೆ. ರಾಜಕೀಯದವನು ದುಡ್ಡು ತಗೊಂಡು ತಾನು ಮಲಗ್ತಾನೆ."

ಪ್ರವಾಸಿಗಳು ನಗುತ್ತಿದ್ದರು. ನಗಬಾರದಿತ್ತು. ನಕ್ಕರೆ ಅವನು ದೋಣಿಯ ಎಂಜಿನ್ ಆಫ್ ಮಾಡಿಬಿಡುತ್ತಿದ್ದ. "ಮೀನು ಕಣ್ಣಿಗೆ ಕಾಣದೋನು ಗೈಡ್ ಆಗೋಕಾಗುತ್ತಾ? ಹಾಗೇನೇ, ಪ್ರವಾಸಿ ಕಣ್ಣಿಗೆ ಕಾಣದೋನನ್ನ ಪ್ರವಾಸೋದ್ಯಮ ಮಂತ್ರಿ ಮಾಡಬಾರದು. ವಾರಕ್ಕೊಂದು ವಿಮಾನ ಅಂದ್ರೆ ವಾರಕ್ಕೊಂದು ಊಟ ಇದ್ದ ಹಾಗೆ. ಶನಿವಾರ ಇನ್ನೊಂದು ಬೇಕು. ಮೂರು ದಿನಕ್ಕೆ ಬಂದು ಹೋಗೋ ಜನ ಎಷ್ಟಿಲ್ಲ!"

ಈ ಶನಿವಾರದ ವಿಮಾನ ಅವನಿಗೆ ಬರೀ ಬಾಯಿಮಾತಾಗಿರಲಿಲ್ಲ. ವಾರವಿಡೀ ಇಲ್ಲೇ ಇರಬೇಕಲ್ಲ ಎಂದು ಎಷ್ಟೋ ಜನ ಬೇರೆ ದ್ವೀಪಗಳ ಕಡೆ ತಿರುಗಿದ್ದರು. ಆರು ಕೋಣೆಗಳಲ್ಲಿ ಮೂರರ ಬೀಗ ತುಕ್ಕು ಹಿಡಿದಿತ್ತು. ಹೋಟೆಲು ಅವನ ಹೊಟ್ಟೆಪಾಡು, ಅಭಿಪ್ರಾಯ ಅವನ ಉಸಿರು. ಎರಡರಲ್ಲಿ ಒಂದು ಹೋದರೂ ತಾನು ಉಳಿಯುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಕಾಬಿರಿ ಪ್ರವಾಸೋದ್ಯಮ ಮಂತ್ರಿಯಾದ. ಕಾಬಿರಿ ಎಂದರೆ ಬೌರೊನ ಹೆಂಡತಿ ಟೆಕೆಯಾಳ ಚಿಕ್ಕಪ್ಪನ ಮಗ, ಅವಳ ಕೈತುತ್ತು ತಿಂದು ಬೆಳೆದವನು. ಅವನಿಗೆ ಶತ್ರುಗಳೇ ಇರಲಿಲ್ಲ, ಯಾಕೆಂದರೆ ಅವನಿಗೆ ಯಾವ ವಿಷಯದಲ್ಲೂ ಅಭಿಪ್ರಾಯವಿರಲಿಲ್ಲ. "ನೋಡೋಣ" ಎಂಬ ಒಂದೇ ಮಾತಿನ ಮೇಲೆ ಚುನಾವಣೆ ಮೇಲೆ ಚುನಾವಣೆ ಗೆದ್ದಿದ್ದ. ಈಗ ದೋಣಿಕಟ್ಟೆಯ ಹೊಸ ಶೌಚಾಲಯದ ಉದ್ಘಾಟನೆಗೆ ರಾಜಧಾನಿ ತರಾವಾದಿಂದ ಬರುವವನಿದ್ದ.

ಬೌರೊ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡತೊಡಗಿದ. ಟೆಕೆಯಾ ಹೊರಗೆ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

"ಏನಯ್ಯಾ, ನೀನು ಗಂಟೆಗಟ್ಟಲೆ ಮಾತಾಡಿದ್ರೆ ಅವನು ಕೊನೇಲಿ ಏನಂತಾನೆ ಗೊತ್ತಾ?"

"ಏನಂತಾನೆ?"

"ನೋಡೋಣ ಅಂತಾನೆ. ಸುಮ್ನೆ ಬುಬೂಸಿ ಕೇಳು, ಮುಗೀತು."

ಬೌರೊನಿಗೆ ಹಾವು ತುಳಿದಂತಾಯಿತು. ನಮ್ಮಲ್ಲಿ ಬಂಧುವೊಬ್ಬ ಎದುರಿಗೆ ನಿಂತು "ನಂದೊಂದು ಬುಬೂಸಿ" ಎಂದು ಏನನ್ನಾದರೂ ಕೇಳಿದರೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವನ ಮಾನ ಅಲ್ಲಿಗೆ ಮುಗಿಯಿತು. ಕೊಟ್ಟ ವಸ್ತು ಮತ್ತೆ ಕೊಟ್ಟವನದಲ್ಲ, ತಾನೇ ಹೋಗಿ ವಾಪಸ್ ಕೇಳುವುದು ಇನ್ನೂ ನಾಚಿಕೆಗೇಡು. ಈ ಬುಬೂಸಿಯಿಂದಲೇ ಹೋಟೆಲಿನ ದಿಂಬು, ಬಕೆಟ್ಟು, ಒಮ್ಮೆ ಒಂದು ಬಾಗಿಲು ಕೂಡ ನೆಂಟರ ಮನೆ ಸೇರಿತ್ತು. ಆ ಕಾರಣಕ್ಕೇ ಬೌರೊ ಗೇಟಿಗೆ "ಇಲ್ಲಿ ಬುಬೂಸಿ ನಡೆಯುವುದಿಲ್ಲ" ಎಂದು ಬೋರ್ಡು ಹಾಕಿ, ಇಡೀ ದ್ವೀಪದ ಬೈಗುಳ ತಿಂದಿದ್ದ.

"ನನ್ನಂಥೋನು ಬುಬೂಸಿ ಕೇಳೋದಾ? ತತ್ವ ಅನ್ನೋದು ಒಂದಿದೆ ಕಣೇ!"

"ಮೂರು ಕೋಣೆ ಖಾಲಿ ಇದೆ. ನಿನ್ನ ತತ್ವನ ಅಲ್ಲಿ ಮಲಗಿಸು," ಎಂದಳು ಟೆಕೆಯಾ.

ಶೌಚಾಲಯದ ಉದ್ಘಾಟನೆ ಆಯಿತು. ಮಂತ್ರಿ ರಿಬ್ಬನ್ ಕತ್ತರಿಸಿ, ಒಳಗೆ ಹೋಗಿ, ಹೊರಗೆ ಬಂದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಊಟ ಮನೆಯಾಬಾದಲ್ಲಿ, ಅಂದರೆ ಊರವರೆಲ್ಲ ಸೇರುವ ದೊಡ್ಡ ಚಾವಡಿಯಲ್ಲಿ. ಚಾಪೆಯ ಮೇಲೆ ಹಿರಿಯರು ಅವರವರ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಹೆಂಗಸರು ಮಂತ್ರಿಯ ತಲೆಗೆ ಹೂವಿನ ಮಾಲೆ ಇಟ್ಟು, ಕುತ್ತಿಗೆಗೆಲ್ಲ ಪೌಡರ್ ಸುರಿದರು. ಮೀನು, ಅನ್ನ, ಡಬ್ಬಿ ಮಾಂಸ, ಹಂದಿ ಎಲ್ಲ ಮುಗಿದು ಭಾಷಣದ ಸರದಿ ಬಂತು.

ಬೌರೊ ಎದ್ದ. ಊರಿನವರು ಒರಗಲು ಕಂಬ ಹುಡುಕಿಕೊಂಡರು. ಅವನು ಒಂದು ಸಲ ಮಂತ್ರಿಯನ್ನು ನೋಡಿದ. ಕಾಬಿರಿಯ ತುಟಿ ಆಗಲೇ "ನೋಡೋಣ" ಎನ್ನಲು ಸಿದ್ಧವಾಗಿ ಕೂತಿತ್ತು. ಅದನ್ನು ಕಂಡಿದ್ದೇ ಬೌರೊನ ತತ್ವ ಜರ್ರನೆ ಇಳಿದುಹೋಯಿತು.

"ಕಾಬಿರಿ, ನಂದೊಂದು ಬುಬೂಸಿ. ನನಗೆ ಶನಿವಾರದ ವಿಮಾನ ಕೊಡು."

ದಿಂಬು ಕೇಳಿದವರುಂಟು, ದೋಣಿ ಕೇಳಿದವರುಂಟು, ವಿಮಾನ ಕೇಳಿದವರನ್ನು ಯಾರೂ ಕಂಡಿರಲಿಲ್ಲ. ಮಂತ್ರಿಯ ಮುಖ ಪೌಡರಿಗಿಂತ ಬೆಳ್ಳಗಾಯಿತು. ಅಕ್ಕ ಟೆಕೆಯಾ ಎದುರಿಗೇ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಕೊಟ್ಟೆ," ಎಂದ ಕಾಬಿರಿ.

ಚಾವಡಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಬೌರೊನ ತಲೆಗೂ ಯಾರೋ ಪೌಡರ್ ಸುರಿದರು. ಅತ್ಯಂತ ಹಿರಿಯನಾದ ನೌವಾನ್ ಅಜ್ಜ ಮಾತ್ರ, "ನಾಳೆ ಗೇಟಿನ ಬೋರ್ಡು ಕಿತ್ತುಹಾಕು ಮಗಾ, ನಮ್ಮನೆ ಹಂದಿಗೂಡಿಗೆ ಹಲಗೆ ಬೇಕಿತ್ತು," ಎಂದ. ಅವತ್ತಿನ ಖುಷಿಯಲ್ಲಿ ಬೌರೊ ಅದಕ್ಕೂ ಹೂಂ ಅಂದ.

ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಕಾಬಿರಿ ನಿಧಾನಕ್ಕೆ ಕೈ ಎತ್ತಿದ.

"ಭಾವ, ಈಗ ನಂದೂ ಒಂದು ಬುಬೂಸಿ. ನಿಮ್ಮ ಅಭಿಪ್ರಾಯಗಳನ್ನ ನನಗೆ ಕೊಡಿ. ರಾಜಕೀಯದ್ದು, ಪ್ರವಾಸೋದ್ಯಮದ್ದು, ಎಲ್ಲಾನೂ."

ಬೌರೊ ನಕ್ಕ. "ಅದಕ್ಕೇನಂತೆ ಮಾರಾಯ, ಇಷ್ಟು ವರ್ಷದಿಂದ ಅದನ್ನೇ ಕೊಡೋಕೆ ಒದ್ದಾಡ್ತಿದೀನಿ. ತಗೋ, ತಗೋ."

ತಾನು ಮಾಡಿದ ಎಡವಟ್ಟು ಏನೆಂದು ಅವನಿಗೆ ಹೊಳೆದದ್ದು ಮಾರನೆಯ ದಿನ. ಜಗಲಿಯ ಮೇಲೆ ಕೂತು, ಇಬ್ಬರು ಪ್ರವಾಸಿಗಳಿಗೆ "ನೋಡಿ ಸ್ವಾಮಿ, ಹೋಟೆಲಿನವನಿಗೂ ರಾಜಕೀಯದವನಿಗೂ" ಎಂದು ಶುರುಮಾಡಿದ್ದನಷ್ಟೇ. ಹಲಗೆಗೆಂದು ಬಂದಿದ್ದ ನೌವಾನ್ ಅಜ್ಜ ಕೆಮ್ಮಿದ.

"ಬೌರೊ, ಅದು ನಿಂದಲ್ಲ. ನಿನ್ನೆ ಕೊಟ್ಟೆಯಲ್ಲ."

"ಅಜ್ಜಾ, ಅಭಿಪ್ರಾಯ ಅನ್ನೋದು ಬಕೆಟ್ಟಾ? ಕೊಟ್ರೆ ಖಾಲಿ ಆಗುತ್ತಾ?"

"ನಮ್ಮಜ್ಜ ಒಂದು ಹಾಡನ್ನ ಪಕ್ಕದ ದ್ವೀಪದ ಬೀಗರಿಗೆ ಬುಬೂಸೀಲಿ ಕೊಟ್ಟಿದ್ದ. ಆಮೇಲೆ ನಮ್ಮ ಮನೇಲಿ ಅದನ್ನ ಒಬ್ಬರೂ ಹಾಡ್ಲಿಲ್ಲ. ಸ್ನಾನ ಮಾಡುವಾಗ್ಲೂ ಹಾಡ್ಲಿಲ್ಲ. ನೀನು ಬೇಕಾದ್ರೆ ಮಳೆ ವಿಷಯ ಮಾತಾಡು, ಮೊಣಕಾಲು ನೋವಿನ ವಿಷಯ ಮಾತಾಡು. ಸರ್ಕಾರ, ಪ್ರವಾಸಿ, ವಿಮಾನ, ಇವೆಲ್ಲ ಇನ್ನು ಕಾಬಿರೀದು."

ಹಿರಿಯರೆಲ್ಲ ಕೂತು ತೂಗಿ ನೋಡಿ, ಅಜ್ಜ ಹೇಳಿದ್ದೇ ಸರಿ ಎಂದರು. ಇಷ್ಟು ಬೇಗ ಒಮ್ಮತಕ್ಕೆ ಬಂದ ಸಭೆಯನ್ನು ಲಂಡನ್ ಕಂಡಿರಲಿಲ್ಲ.

ಶನಿವಾರದ ವಿಮಾನ ಬಂದೇ ಬಂತು. ಕಾಬಿರಿ ಯಾರ ಕಾಲು ಹಿಡಿದನೋ ಏನೋ, ಮಾತು ಉಳಿಸಿಕೊಂಡ. ತುಕ್ಕು ಹಿಡಿದ ಬೀಗಗಳಿಗೆ ಎಣ್ಣೆ ಬಿತ್ತು, ಆರೂ ಕೋಣೆ ತುಂಬಿತು. ಪ್ರವಾಸಿಗಳು ದೋಣಿಯಲ್ಲಿ ನೆಮ್ಮದಿಯಾಗಿ ಮೀನು ಹಿಡಿದು ಬಿಟ್ಟರು. "ನಿಮ್ಮ ಸರ್ಕಾರ ಹೇಗಿದೆ?" ಎಂದು ಅವರೇನಾದರೂ ಕೇಳಿದರೆ ಬೌರೊ ಆಕಾಶ ನೋಡಿ, "ಮಳೆ ಬರೋ ಹಾಗಿದೆ," ಎನ್ನುತ್ತಿದ್ದ.

ದಿನದಿಂದ ದಿನಕ್ಕೆ ಅವನು ಸೊರಗಿದ. ಮೀನಿನ ತಲೆ ತಟ್ಟೆಯಲ್ಲೇ ಉಳಿಯತೊಡಗಿತು. ಒಂದು ಬೆಳಿಗ್ಗೆ ಮನೆಯ ಹಿಂದೆ ಏಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಏನೋ ಪಿಸುಗುಟ್ಟುತ್ತಿದ್ದ. ಬೇಲಿಯಾಚೆಯಿಂದ ನೌವಾನ್ ಅಜ್ಜನ ದನಿ ಕೇಳಿತು: "ಏಡಿಗೂ ಹೇಳೋ ಹಾಗಿಲ್ಲ."

ಇದಕ್ಕಿಂತ ದೊಡ್ಡ ಹಿಂಸೆ ರೇಡಿಯೊದ್ದು. ಕಾಬಿರಿ ಈಗ ರೇಡಿಯೊದಲ್ಲಿ ಮಾತಾಡುತ್ತಿದ್ದ. "ಹೋಟೆಲಿನವನು ತಾನು ಮಲಗಿ ದುಡ್ಡು ತಗೋತಾನೆ," ಎಂದ ಒಂದು ದಿನ. "ಮೀನನ್ನ ಮಂತ್ರಿ ಮಾಡಬಾರದು," ಎಂದ ಇನ್ನೊಂದು ದಿನ. ಜನ ದೂರದೃಷ್ಟಿಯ ನಾಯಕ ಎಂದು ಹೊಗಳಿದರು. ಬೌರೊ ರೇಡಿಯೊ ಮುಂದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ನಾವೆಲ್ಲ ಮೊದಮೊದಲು ನಕ್ಕೆವು, ಆಮೇಲೆ ನಮಗೂ ಪಾಪ ಅನ್ನಿಸಿತು. ಸೈಕಲ್ಲಿನವರು ಹೋಟೆಲಿನ ಮುಂದೆ ನಿಧಾನ ಮಾಡಿ, "ಏನ್ ಬೌರಣ್ಣಾ?" ಎಂದು ತಾವಾಗಿಯೇ ಕೇಳುವ ಹಾಗಾಯಿತು.

ಟೆಕೆಯಾ ಎಲ್ಲವನ್ನೂ ನೋಡುತ್ತಿದ್ದಳು. ಮತ್ತೊಂದು ಶನಿವಾರ ಕಾಬಿರಿ ತಾನೇ ಕೊಟ್ಟ ವಿಮಾನದಲ್ಲಿ ಬಂದಿಳಿದಾಗ ಅವಳು ಮಾಲೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಾಲೆ ಹಾಕಿ, ಅವನ ಕಿವಿ ಹಿಡಿದುಕೊಂಡೇ ಹೇಳಿದಳು:

"ತಮ್ಮಾ, ನಂದೊಂದು ಬುಬೂಸಿ. ನಿನ್ನ ಭಾವನ ಅಭಿಪ್ರಾಯ ಎಲ್ಲಾ ನನಗೆ ಕೊಡು."

ಕಾಬಿರಿ ಅಡ್ಡಬೀಳುವುದೊಂದು ಬಾಕಿ. "ತಗೋ ಅಕ್ಕಾ, ಪುಣ್ಯ ಕಟ್ಕೋ! ಅಭಿಪ್ರಾಯ ಬಂದಾಗಿನಿಂದ ನನಗೆ ವೈರಿಗಳೂ ಬಂದುಬಿಟ್ಟಿದ್ದಾರೆ. ಮೊದಲು ನಿದ್ದೆ ಎಷ್ಟು ಚೆನ್ನಾಗಿ ಬರ್ತಿತ್ತು!"

ಸುದ್ದಿ ಟೆಕೆಯಾಳಿಗಿಂತ ಮೊದಲು ಹೋಟೆಲು ಮುಟ್ಟಿತು. ಅವಳು ಬಂದು ಸೀರಿಯಸ್ಸಾಗಿ ಬಟ್ಟೆಯ ತೊಟ್ಟಿಯ ಮುಂದೆ ಕೂತಳು. ಶನಿವಾರವಲ್ಲವೇ, ಆರು ಕೋಣೆಯ ಹಾಸಿಗೆ ಬಟ್ಟೆ ಗುಡ್ಡೆ ಬಿದ್ದಿತ್ತು. ಬೌರೊ ಹತ್ತಿರ ಬಂದು ನಿಂತ, ಕೂತ, ಮತ್ತೆ ನಿಂತ.

"ಟೆಕೆಯಾ, ನಂದೊಂದು ಬುಬೂಸಿ..."

"ಗಂಡ ಹೆಂಡ್ತಿಗೆ ಬುಬೂಸಿ ಎಂಥದ್ದು? ಆ ದುಡ್ಡು ತಗೊಂಡು ಮಲಗೋ ರಾಜಕೀಯದೋನ ಮಾತು ನಿಂದು, ತಗೋ. ಮಂತ್ರಿಗಳಿಗೆಲ್ಲ ಹೋಟೆಲಲ್ಲಿ ಹಿಂದಿನ ಕೋಣೆ ಕೊಡ್ಬೇಕು ಅನ್ನೋದೂ ನಿಂದೇ, ಅದನ್ನೂ ತಗೋ."

ಬೌರೊನ ಮುಖ ಅರಳಿತು. "ಮೀನು ಕಾಣದೋನು ಗೈಡ್ ಆಗಬಾರದು ಅನ್ನೋದು? ಶನಿವಾರದ ವಿಮಾನ?"

"ಅವೆರಡು ಕೊಡಲ್ಲ."

"ಯಾಕೆ?"

ಟೆಕೆಯಾ ತಲೆಯೆತ್ತಲಿಲ್ಲ. "ಅವು ಮೊದಲಿಂದಾನೂ ನನ್ನವೇ."

ಬೌರೊ ಜಗಳಕ್ಕೆಂದು ಬಾಯಿ ತೆರೆದ. ಅಷ್ಟರಲ್ಲಿ, ಹಿಂದೆ ಅವಳು ಇದೇ ತೊಟ್ಟಿಯ ಮುಂದೆ ಬಗ್ಗಿ, ಎಲ್ಲ ಬಟ್ಟೆಯೂ ಬುಧವಾರವೇ ಬೀಳುತ್ತಲ್ಲ, ಶನಿವಾರ ಒಂದು ವಿಮಾನ ಇದ್ದಿದ್ದರೆ, ಎಂದು ಹೇಳಿದ್ದು ಅವನಿಗೆ ನೆನಪಾಯಿತು. ಅವಳು ಮೆಲ್ಲಗೆ ಹೇಳಿದ್ದನ್ನು ತಾನು ಜಗಲಿಗೆ ಹೋಗಿ ಜೋರಾಗಿ ಹೇಳಿದ್ದ. ರೇಡಿಯೊ ಮುಂದೆ ಬಾಯಿ ಮುಚ್ಚಿಕೊಂಡು ಕೂತ ದಿನಗಳೂ ನೆನಪಾದವು. ಇವಳು ಎಷ್ಟು ವರ್ಷ ಹಾಗೆ ಕೂತಿದ್ದಳು? ಅವನಿಗೆ ನಿಜವಾಗಿ ನಾಚಿಕೆಯಾಯಿತು.

"ನೀನು ಯಾಕೆ ಹೇಳ್ಲಿಲ್ಲ?"

"ನೀನು ಯಾವಾಗ ಸುಮ್ನಿದ್ದೆ?"

ಬೌರೊ ಹಾಸಿಗೆ ಬಟ್ಟೆಯೊಂದರ ತುದಿ ಹಿಡಿದುಕೊಂಡ. ಅವಳು ಇನ್ನೊಂದು ತುದಿ ಹಿಡಿದು ಹಿಂಡಿದಳು. ನೀರೆಲ್ಲ ಅವನ ಕಾಲ ಮೇಲೆಯೇ ಸುರಿಯಿತು.

"ಇನ್ನೂ ಏನಾದ್ರೂ ಇದೆಯಾ ನಿನ್ನ ಹತ್ರ?" ಎಂದು ಅವನು ಕೇಳಿದ.

"ಬೇಕಾದಷ್ಟಿದೆ. ಸಂಘದ ಅಧ್ಯಕ್ಷರ ವಿಷಯಾನೇ ಒಂದು ರಾಶಿ ಇದೆ."

"ಸರಿ, ಹೇಳು," ಎಂದ ಬೌರೊ.

ಟೆಕೆಯಾ ಹೇಳತೊಡಗಿದಳು. ಆರು ಕೋಣೆಯ ಬಟ್ಟೆ ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿ, ಒಣಗಿಸಿ, ಮಡಿಸುವ ತನಕ ಅವಳು ಹೇಳುತ್ತಲೇ ಇದ್ದಳು. ಬೌರೊ ನಡುವೆ ಒಂದೇ ಒಂದು ಸಲ ಬಾಯಿ ಹಾಕಿದ, ಅದೂ ಕ್ಲಿಪ್ಪು ಎಲ್ಲಿದೆ ಎಂದು ಕೇಳಲಿಕ್ಕೆ.