ಓಬಣ್ಣನ ಪಳಗಿದ ಕೈ

1998ರಲ್ಲಿ ನಾನು ಕಲ್ಲು ಕೊರೆಯುವ ಯಂತ್ರಗಳ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಕೂಡ್ಲಿಗಿಯಲ್ಲಿ ಬಾಡಿಗೆ ಕೋಣೆ, ಕಂಪನಿ ಕೊಟ್ಟ ಬೈಕು. ಕೊಟ್ಟೂರು, ಹಡಗಲಿ, ಹರಪನಹಳ್ಳಿವರೆಗೆ ಎಲ್ಲಿ ಕಲ್ಲಿನ ಕ್ವಾರಿ ಇತ್ತೋ ಅಲ್ಲಿಗೆ ಓಡಾಟ. ಜಾಕ್‌ಹ್ಯಾಮರ್ ಎಂಬ ಆ ಯಂತ್ರವನ್ನು ಕಂಡಿರದವರಿಗೆ ಇಷ್ಟು ಹೇಳಿದರೆ ಸಾಕು: ಕಂಪ್ರೆಸರ್ ಗಾಳಿಯ ಒತ್ತಡಕ್ಕೆ ಒಳಗಿನ ಪಿಸ್ಟನ್ ಬಿಡುವಿಲ್ಲದೆ ಉಕ್ಕಿನ ರಾಡಿನ ತಲೆಗೆ ಬಡಿಯುತ್ತದೆ, ರಾಡು ಕಲ್ಲನ್ನು ಕೊರೆಯುತ್ತದೆ. ಆ ಏಟಿನ ಒಂದು ಪಾಲು ಹಿಡಿ ಹಿಡಿದವನ ಕೈಗೂ ಬರುತ್ತದೆ. ವರ್ಷಗಟ್ಟಲೆ ಹಾಗೆ ಬಂದರೆ ಬೆರಳಿನ ನರ, ರಕ್ತನಾಳ ಎರಡೂ ಕೆಡುತ್ತವೆ. ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಚಳಿಗೆ ಬೆರಳು ಸುಣ್ಣದಂತೆ ಬೆಳ್ಳಗಾಗುತ್ತದೆ, ಕೊನೆಗೆ ಸ್ಪರ್ಶವೇ ಹೋಗುತ್ತದೆ.

ಕ್ವಾರಿಯ ಆಳುಗಳು ಇದನ್ನು ರೋಗ ಎನ್ನುತ್ತಿರಲಿಲ್ಲ. ಕೈ ನೋಯುತ್ತಿರುವ ತನಕ ಆಳು ಹೊಸಬ. ನೋವು ನಿಂತ ದಿನ ಅವನ ಕೈ ಪಳಗಿತು ಎಂದು ಲೆಕ್ಕ. ಅವತ್ತು ಅವನೇ ಎಲ್ಲರಿಗೂ ಚಹಾ ಕುಡಿಸಬೇಕು. ನರ ಸತ್ತದ್ದಕ್ಕೆ ಚಹಾ! ಎಷ್ಟು ಹೇಳಿದರೂ ನನ್ನ ಮಾತಿಗೆ ನಕ್ಕುಬಿಡುತ್ತಿದ್ದರು.

ಕಾನಹೊಸಹಳ್ಳಿ ಹತ್ತಿರದ ಒಂದು ಕ್ವಾರಿಗೆ ಕೊಟ್ರೇಶಪ್ಪ ಎಂಬ ಗುತ್ತಿಗೆದಾರ. ಕಲ್ಲು ಕೊಳ್ಳುವ ವ್ಯಾಪಾರಿಗಳು, ಯಂತ್ರಗಳಿಗೆಲ್ಲ ಕಂಪನ ತಗ್ಗಿಸುವ ಹಿಡಿ ಹಾಕಿಸಲೇಬೇಕೆಂದು ಪಟ್ಟು ಹಿಡಿದಿದ್ದರು. ನಮ್ಮ ಕಂಪನಿಯ ಹಿಡಿಯಲ್ಲಿ ಏಟನ್ನು ನುಂಗಲು ಸ್ಪ್ರಿಂಗೂ ರಬ್ಬರೂ ಇದ್ದವು. ಕೊಟ್ರೇಶಪ್ಪ ಅದನ್ನು ಕೊಳ್ಳದೆ, ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿಗೆ ಲಾರಿ ಟೈರಿನ ತುಂಡು ಸುತ್ತಿಸಿ ತನ್ನದೇ ಹಿಡಿ ಮಾಡಿಸಿದ್ದ. ಅದೂ ಸರಿಯಿದೆ ಎಂದು ನಾನು ಸಹಿ ಮಾಡಿದರೆ ವ್ಯಾಪಾರಿಗಳಿಗೆ ಸಾಕಿತ್ತು. ಕಂಪನ ಅಳೆಯುವ ಮೀಟರ್ ನಮ್ಮ ಬಳಿ ಇರಲಿಲ್ಲ. ಯಂತ್ರ ಹಿಡಿದವನ ಮಾತೇ ಪರೀಕ್ಷೆ.

ಚಳಿಗಾಲದ ಒಂದು ಬೆಳಿಗ್ಗೆ ಪರೀಕ್ಷೆಗೆ ಹೋದೆ. ಕೊಟ್ರೇಶಪ್ಪ ಓಬಣ್ಣನನ್ನು ಮುಂದೆ ನಿಲ್ಲಿಸಿದ. ನಲವತ್ತು ದಾಟಿದ, ಕ್ವಾರಿಯಲ್ಲಿ ಎಲ್ಲರಿಗಿಂತ ಹಳೆಯ ಆಳು.

"ಇಡೀ ಕ್ವಾರಿಯಾಗ ಇವಂದ ಪಳಗಿದ ಕೈರಿ. ಇವ ಹೇಳಿದ ಮ್ಯಾಲೆ ಮುಗೀತು," ಎಂದ.

ಓಬಣ್ಣ ಅರ್ಧ ಗಂಟೆ ಕೊರೆದು ಯಂತ್ರ ನಿಲ್ಲಿಸಿದ. "ಬೆಣ್ಣಿ ಹಿಡಿದಂಗ ಐತ್ರಿ ಸಾಹೇಬ್ರ. ಏನೂ ಗೊತ್ತಾಗಂಗಿಲ್ಲ," ಎಂದು ಹೆಮ್ಮೆಯಿಂದ ಅಂಗೈ ಚಾಚಿದ.

ಅಂಗೈ ಸೀಳಿತ್ತು. ಟೈರಿನ ತುಂಡು ಜಾರಿ, ವೆಲ್ಡಿಂಗಿನ ಚೂಪು ಮಾಂಸಕ್ಕೆ ಇಳಿದಿತ್ತು. ರಕ್ತ ಮೊಣಕೈವರೆಗೆ ಹರಿದು ಕಲ್ಲಿನ ಧೂಳಿನ ಜೊತೆ ಕೆಸರಾಗಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಸುತ್ತ ನಿಂತವರು ಹೋ ಎಂದು ನಕ್ಕರು. "ಲೇ ಓಬಾ, ಕೈ ನೋಡ್ಕೊಳ್ಳಲೇ!" ಎಂದು ಯಾರೋ ಕೂಗಿದರು. ಓಬಣ್ಣ ನೋಡಿಕೊಂಡು ತಾನೂ ನಕ್ಕ.

ಚೂಪಿಗೆ ಬಟ್ಟೆ ಸುತ್ತಿಸಿ, ಮಾಗಳದಿಂದ ಹೊಸದಾಗಿ ಬಂದಿದ್ದ ನಾಗಪ್ಪನ ಕೈಗೆ ಯಂತ್ರ ಕೊಟ್ಟೆ. ಸ್ವಲ್ಪ ಹೊತ್ತಿಗೇ ಅವನು ಕೆಳಗಿಟ್ಟು ಕೈ ಕೊಡವಿದ. "ಮೊದಲಿನ ಹಿಡಿಯಂಗ ಐತ್ರಿ. ಹೆಗಲತನಕ ಜುಂ ಅಂತೈತಿ."

ಸಹಿ ಆಗುವುದಿಲ್ಲ ಎಂದೆ. ಕೊಟ್ರೇಶಪ್ಪನ ಮುಖದ ನಗು ಮಾಸಲಿಲ್ಲ. "ಹಂಗಾರ ಓಬನ ಕೈ ಸತ್ತೈತಿ ಅಂತ ಬರೀರಿ. ಸತ್ತ ಕೈ ಇಟ್ಕೊಂಡು ನಾನೇನ್ ಮಾಡ್ಲಿ? ಇವತ್ತ ಮನಿಗೆ ಕಳಸ್ತೀನಿ."

ಓಬಣ್ಣ ರಕ್ತದ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡ. "ಸಹಿ ಮಾಡ್ರಿ ನಮ್ಮಪ್ಪಾ. ಇದು ಬಿಟ್ರ ನನಗ ಬ್ಯಾರೆ ಕೆಲಸ ಆಗಂಗಿಲ್ಲ. ಈ ಕೈಯಾಗ ಕುಡುಗೋಲು ನಿಲ್ಲಂಗಿಲ್ಲ, ಅಂಗಿ ಗುಂಡಿ ಹಾಕ್ಕೊಳಾಕೂ ಬರಂಗಿಲ್ಲ."

ಸಹಿ ಮಾಡಿದರೆ ನಾಗಪ್ಪನಂಥವರ ಕೈಗಳಿಗೂ ಅದೇ ಗತಿ. ಮಾಡದಿದ್ದರೆ ಓಬಣ್ಣನ ಅನ್ನ ಹೋಗುತ್ತದೆ. ಕೊಟ್ರೇಶಪ್ಪ ಬೀಡಿ ಹಚ್ಚಿಕೊಂಡು ನಮ್ಮಿಬ್ಬರನ್ನೂ ನೋಡುತ್ತ ನಿಂತ. ಅವನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಓಬಣ್ಣನ ಹೆಸರೇ ಎತ್ತದೆ, ನಾಗಪ್ಪನ ಮಾತಿನ ಮೇಲೆ ಆ ಹಿಡಿಯನ್ನು ತಿರಸ್ಕರಿಸಿದೆ. ಓಬಣ್ಣನನ್ನು ಕೆಲಸದಿಂದ ತೆಗೆದರೆ ನಿಮ್ಮ ಯಂತ್ರ ರಿಪೇರಿಗೆ ಕಾಲಿಡುವುದಿಲ್ಲ ಎಂದೂ ಗದರಿಸಿದೆ. ಆ ಸುತ್ತಮುತ್ತಲಿಗೆಲ್ಲ ಸರ್ವಿಸ್ ಎಂಜಿನಿಯರ್ ನಾನೊಬ್ಬನೇ.

"ತೆಗೆಯಂಗಿಲ್ಲ ಬಿಡ್ರಿ. ಮಾತು ಕೊಟ್ಟೀನಿ," ಎಂದ ಕೊಟ್ರೇಶಪ್ಪ.

ಬೇಸಿಗೆಯಲ್ಲಿ ಮತ್ತೆ ಸರ್ವಿಸಿಗೆ ಹೋದಾಗ ಎಲ್ಲ ಯಂತ್ರಗಳಿಗೂ ನಮ್ಮ ಕಂಪನಿಯ ಹಿಡಿ ಬಂದಿತ್ತು. ನಾಗಪ್ಪ ಆರಾಮಾಗಿ ಕೊರೆಯುತ್ತಿದ್ದ. ನನಗೆ ಖುಷಿಯಾಯಿತು. ಹತ್ತಿರ ಹೋದಾಗ ಕಂಡದ್ದೇ ಬೇರೆ.

ಹೊಸ ತೂತು ಆರಂಭಿಸುವಾಗ ರಾಡಿನ ತುದಿ ಕಲ್ಲಿನ ಮೇಲೆ ಜಾರುತ್ತದೆ. ಅದಕ್ಕೆ ಒಬ್ಬನು ಕೆಳಗೆ ಕೂತು ರಾಡನ್ನೇ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಸ್ಪ್ರಿಂಗು, ರಬ್ಬರು ಎಲ್ಲ ಮೇಲಿನ ಹಿಡಿಯಲ್ಲಿ. ಕೆಳಗೆ ಬರಿಯ ಉಕ್ಕು, ಪಿಸ್ಟನ್ನಿನ ಏಟು ನೇರ ಅದಕ್ಕೇ. ನೋವು ತಡೆಯಲಾರದೆ ಆಳುಗಳು ಮೊದಲೆಲ್ಲ ಸರದಿಯ ಮೇಲೆ ಹಿಡಿಯುತ್ತಿದ್ದರು. ಈಗ ಅಷ್ಟೂ ಯಂತ್ರಗಳ ರಾಡು ಹಿಡಿಯುತ್ತಿದ್ದವನು ಓಬಣ್ಣ ಒಬ್ಬನೇ. ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಿಹೋಗಿ ಕೂರುತ್ತಿದ್ದ. ಬಲಗೈಯ ಎರಡು ಬೆರಳ ತುದಿಗಳು ಕಪ್ಪಗಾಗಿದ್ದವು.

ಯಂತ್ರ ನಿಲ್ಲಿಸಿ ಕೂಗಾಡಿದೆ. ಕೊಟ್ರೇಶಪ್ಪನಿಗೆ ನಿಜಕ್ಕೂ ಆಶ್ಚರ್ಯ. "ಕೆಲಸದಾಗ ಇಟ್ಕೊಳ್ರಿ ಅಂದ್ರಿ, ಇಟ್ಕೊಂಡೀನಿ. ಅವಗೇನ್ ನೋವಾಗತೈತೇನ್ರಿ?"

ಓಬಣ್ಣ ಎದ್ದು ಬಂದು ಕೈ ಮುಗಿದ. "ನಿಮ್ಮ ಪುಣ್ಯದಿಂದ ಕೆಲಸ ಉಳೀತ್ರಿ ಸಾಹೇಬ್ರ. ಮಿಷನ್ ಚಾಲೂ ಮಾಡಸ್ರಿ, ಎಲ್ಲಾರೂ ನಿಂತಾರ."

ರಾಡು ಹಿಡಿಯಲು ಉದ್ದನೆಯ ಇಕ್ಕಳ ಮಾಡಿಸಿಕೊಟ್ಟು ಬಂದೆ. ಕೆಲಸ ನಿಧಾನವಾಗುತ್ತದೆಂದು ಅದನ್ನು ಮೂಲೆಗೆ ಎಸೆದರಂತೆ.

ಕೈಗೆ ಬರುವ ಏಟನ್ನು ತಗ್ಗಿಸುವುದೇ ನನ್ನ ಕಸುಬಾಗಿತ್ತು. ಹಾಗೆ ತಗ್ಗಿಸಿ ಬೀಗುವ ಹೊತ್ತಿಗೆ ಆ ಏಟನ್ನು ಇನ್ನೊಬ್ಬನ ಕೈಗೆ ದಾಟಿಸುವವರು ಇರುತ್ತಾರೆ ಎಂಬುದನ್ನು ನನಗೆ ಕಲಿಸಿದ್ದು ಆ ಕ್ವಾರಿ. ನಿವೃತ್ತಿಯವರೆಗೂ ಯಾವ ಕ್ವಾರಿಗೆ ಹೋದರೂ ಯಂತ್ರ ಮುಟ್ಟುವ ಮೊದಲು, ರಾಡು ಹಿಡಿಯುವವರು ಯಾರು ಎಂದು ಕೇಳುತ್ತಿದ್ದೆ. ಹೆಚ್ಚಿನ ಕಡೆ ಉತ್ತರಕ್ಕೆ ತಡವಾಗುತ್ತಿರಲಿಲ್ಲ.

"ಅದಕ್ಕ ಒಬ್ಬಂವ ಅದಾನ್ರಿ."