ಕೈಗೆ ತೀರಾ ಚೆನ್ನಾಗಿ ಕೂತ ಪಿಸ್ತೂಲು

ಒಂಬತ್ತನೆಯ ಪಿಸ್ತೂಲನ್ನೂ ಕತ್ತರಿಯಕ್ಕ ಗಾಜಿನ ಮೇಜಿನ ಮೇಲಿಟ್ಟು ತಲೆ ಅಲ್ಲಾಡಿಸಿದಳು. ಅಂಗಡಿಯವನು ಮೂಗಿನಲ್ಲೇ ಉಸಿರು ಬಿಟ್ಟ.

“ಅಮ್ಮಾ, ನೀವು ಪಿಸ್ತೂಲು ಆರಿಸ್ತಿದ್ದೀರೋ, ಅಳಿಯನ್ನ ಆರಿಸ್ತಿದ್ದೀರೋ?”

“ಅಳಿಯನ್ನ ಇಷ್ಟು ನೋಡಲಿಲ್ಲಪ್ಪ. ಅದಕ್ಕೇ ಇದನ್ನ ನೋಡ್ತಿದ್ದೀನಿ.”

ಜೊತೆಗೆ ಬಂದಿದ್ದ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕತ್ತರಿಯಕ್ಕ ನಗಲಿಲ್ಲ. ಬೆಳಗ್ಗೆ ಹತ್ತಕ್ಕೆ ಬಂದವಳು, ಈಗ ಮಧ್ಯಾಹ್ನ ಒಂದು ಗಂಟೆ. ಒಂದು ಪಿಸ್ತೂಲಿನ ಹಿಡಿ ದಪ್ಪ, ಇನ್ನೊಂದರದ್ದು ಜಾರುತ್ತದೆ, ಮತ್ತೊಂದರ ಕುದುರೆಗೆ, ಅಂದರೆ ಎಳೆಯುವ ಟ್ರಿಗರಿಗೆ, ಬೆರಳ ತುದಿ ಮುಟ್ಟುವುದೇ ಇಲ್ಲ.

ಅವಳು ಸೂಟು ಹೊಲಿಯುವ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವವಳು. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ಕಿಟಕಿಯ ಬೆಳಕು. ಹಾಗಾಗಿ ಎಲ್ಲರಿಗೂ ಅವಳು ಕತ್ತರಿಯಕ್ಕ. ಹನ್ನೆರಡು ವರ್ಷದ ಹಿಂದೆ ಗುರಿ ಹೊಡೆಯುವವರ ಕ್ಲಬ್ಬಿನವರು ದಪ್ಪ ಬಟ್ಟೆಯ ಜಾಕೀಟು ಹೊಲಿಸಲು ಕರೆಸಿದ್ದರು. ಅಳತೆ ತೆಗೆಯಲು ಹೋದವಳ ಕೈಗೆ ಯಾರೋ ತಮಾಷೆಗೆ ಪಿಸ್ತೂಲು ಕೊಟ್ಟರು. ಪಾಯಿಂಟ್ ಇಪ್ಪತ್ತೆರಡು ಅಳತೆಯದ್ದು, ಬುಡದ ಅಂಚಿಗೆ ಬಡಿದರೆ ಸಿಡಿಯುವ ಸಣ್ಣ ತೋಟಾ ಹಾಕುವಂಥದ್ದು. ಅವತ್ತು ಐದು ಗುಂಡಿನಲ್ಲಿ ಮೂರು ಗುರಿಹಲಗೆಯ ಕಪ್ಪು ವೃತ್ತದೊಳಗೇ ಬಿದ್ದವು. ಅಂದಿನಿಂದ ವಾರಕ್ಕೆ ಮೂರು ಸಂಜೆ ಅಲ್ಲೇ. “ಯಾವಾಗ ರೆಡಿಯಾಗುತ್ತೆ?” ಎಂದು ಯಾರೂ ಕೇಳದ ಜಾಗ ಅವಳಿಗೆ ಅದೊಂದೇ.

ಕ್ಲಬ್ಬಿನ ಹೆಂಗಸರ ತಂಡದಲ್ಲಿ ಮೂರು ಜನ. ಎರಡು ವರ್ಷದಿಂದ ಅವಳು ನಾಲ್ಕನೆಯವಳು. ಪಂದ್ಯಕ್ಕೆ ಹೋಗುವಾಗ ಬಸ್ಸಿನಲ್ಲಿ ಜಾಗ ಉಂಟು, ಗುರಿಯ ಮುಂದೆ ಇಲ್ಲ. ಉಳಿದವರ ಚೀಲ ಕಾಯುತ್ತ ಕೂರುವುದು ಸಾಕಾಗಿ ಹೋಗಿತ್ತು. ಈ ಸಲ ಹೇಗಾದರೂ ಒಳಗೆ ಬರಬೇಕು ಎಂದು ಹಟ ಹಿಡಿದಿದ್ದಳು. ತಂಡದ ಆಯ್ಕೆಗೆ ಮೂರೇ ವಾರ ಇರುವಾಗ ಹಳೆಯ ಪಿಸ್ತೂಲಿನ ಮೈಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ರಿಪೇರಿಯವನು ಇದು ಇನ್ನಾಗದು ಎಂದು ಕೈ ಮುಗಿದ.

“ಕಣ್ಣು ಮುಚ್ಚಿ ಎತ್ತಿ,” ಎಂದು ಅಂಗಡಿಯವನು ಹತ್ತನೆಯದನ್ನು ಕೊಟ್ಟ. “ತೆರೆದಾಗ ನಳಿಗೆ ತುದಿಯ ಗುರಿಮೊಳೆ ಹಿಂದಿನ ಸೀಳಿನ ನಡುವೆ ಕೂತಿದ್ರೆ ಅದು ನಿಮ್ಮದು.”

ಕಣ್ಣು ಮುಚ್ಚಿ ತೋಳು ಎತ್ತಿದಳು. ತೆರೆದಾಗ ಮೊಳೆ ಸೀಳಿನ ಸರಿ ನಡುವೆ ನಿಂತಿತ್ತು. ಇನ್ನೆರಡು ಸಲ ಎತ್ತಿದಳು, ಹಾಗೇ. ಮರದ ಹಿಡಿಯಲ್ಲಿ ಹೆಬ್ಬೆರಳಿಗೆ ಒಂದು ಗುಳಿ, ಉಳಿದ ಬೆರಳುಗಳಿಗೆ ಒಂದೊಂದು ಕಚ್ಚು. ಊದಿದ ಅವಳ ಹೆಬ್ಬೆರಳ ಗಿಣ್ಣಿಗೂ ಎಲ್ಲೂ ಒತ್ತಲಿಲ್ಲ.

“ಇದು ನನ್ನ ಕೈಯನ್ನ ಮೊದಲೇ ನೋಡಿದೆ ಕಣೇ,” ಎಂದಳು ತಂಗಿಗೆ.

“ಹಾಗಾದ್ರೆ ತಗೊಂಡು ನಡಿ ಮಾರಾಯ್ತಿ. ಹಸಿವಿಗೆ ನನ್ನ ಕಣ್ಣು ತಾನಾಗೇ ಮುಚ್ಚಿಕೊಳ್ತಿದೆ.”

ಮೊದಲ ಸಂಜೆ ಐದು ಗುಂಡು ಹಾರಿಸಿದಳು. ಐದೂ ಕೆಳಗೆ, ಎಡಕ್ಕೆ. ಹೊಸದಲ್ಲವೇ ಎಂದುಕೊಂಡಳು. ಎರಡನೆಯ ಸಂಜೆಯೂ ಕೆಳಗೆ, ಎಡಕ್ಕೆ. ಹಿಂದಿನ ಸೀಳಿನ ತಿರುಪು ತಿರುಗಿಸಿದಳು. ಎರಡು ಗುಂಡು ನಡುವೆ ಬಿದ್ದವು, ಮೂರನೆಯದು ಬಲಕ್ಕೆ ಹಾರಿತು, ನಾಲ್ಕನೆಯದು ಮತ್ತೆ ಎಡಕ್ಕೇ. ತೋಟಾ ಬದಲಾಯಿಸಿದಳು. ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಂಡಳು. ಕಣ್ಣು ಹೋದ ವರ್ಷ ಇದ್ದ ಹಾಗೇ ಇತ್ತು. ಸಿಟ್ಟು ತಡೆಯಲಾರದೆ ಮನೆಯಲ್ಲಿ ಪಾತ್ರೆ ಕುಕ್ಕಿದಳು. ಮಗಳು ಫೋನು ಮಾಡಿದರೆ “ಏನಿಲ್ಲ, ಇಡು” ಎಂದಳು. ಹಾಳಾದ್ದು ಕೈಗೆ ಇಷ್ಟು ಹಿತವಾಗಿದೆ, ಮತ್ತೆ ಯಾಕೆ ಹೀಗೆ?

ಎರಡನೆಯ ವಾರದ ಕೊನೆಗೆ ತರಬೇತಿ ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರು ಗುರಿಯನ್ನು ನೋಡಲೇ ಇಲ್ಲ, ಅವಳ ಕೈಯನ್ನೇ ನೋಡಿದರು. ಹದಿನೈದು ಗುಂಡು ಆದ ಮೇಲೆ ಬಾಯಿ ಬಿಟ್ಟರು.

“ನೀವು ಗುಂಡು ಹಾರಿಸ್ತಿಲ್ಲಮ್ಮ. ಬಟ್ಟೆ ಕತ್ತರಿಸ್ತಿದ್ದೀರಿ.”

“ಅಂದ್ರೆ?”

“ಕುದುರೆ ಎಳೆಯೋದು ಒಂದೇ ಬೆರಳು ತಾನೆ? ನಿಮ್ಮವು ಐದೂ ಒಟ್ಟಿಗೆ ಮುಚ್ಚಿಕೊಳ್ತಿವೆ. ಪಿಸ್ತೂಲಿನ ಮೂತಿ ಬಗ್ಗುತ್ತೆ.”

ಅವಳು ಕೈಯನ್ನು ನೋಡಿಕೊಂಡಳು. ಹೆಬ್ಬೆರಳ ಗುಳಿ, ಬೆರಳ ಕಚ್ಚು. ಅವಳ ದೊಡ್ಡ ಕತ್ತರಿಯ ಹಿಡಿಯೂ ಹೀಗೇ. ಅಂಗೈಗೆ ಆ ಆಕಾರ ಸಿಕ್ಕಿದ ಕೂಡಲೇ ಅದು ಹೇಳದೆ ಕೇಳದೆ ಕೆಲಸಕ್ಕೆ ಇಳಿಯುತ್ತಿತ್ತು. ಹಳೆಯ ಪಿಸ್ತೂಲಿನ ಹಿಡಿ ಇಟ್ಟಿಗೆಯ ತುಂಡಿನಂತೆ ಚಚ್ಚೌಕ. ಕೈಗೆ ಅದು ಯಾವತ್ತೂ ಹಿಡಿಸಿರಲಿಲ್ಲ, ಆದ್ದರಿಂದ ಬೆರಳುಗಳು ಸುಮ್ಮನಿದ್ದವು.

ಮರುದಿನ ಅಂಗಡಿಗೆ ಓಡಿದಳು. ಅಂಗಡಿಯವನು ಅವಳ ಪರವಾನಗಿ ಪುಸ್ತಕ ತೆರೆದು ತೋರಿಸಿದ.

“ಉಳಿದಿದ್ದ ಒಂದೇ ಜಾಗಕ್ಕೆ ಈ ಪಿಸ್ತೂಲಿನ ನಂಬರ್ ಬಿದ್ದಾಗಿದೆಯಲ್ಲಮ್ಮ. ಬದಲಾಯಿಸಬೇಕಂದ್ರೆ ಕಚೇರಿಯಿಂದ ಹೊಸ ಕಾಗದ ಬರಬೇಕು. ಏನಿಲ್ಲ ಅಂದ್ರೂ ಎರಡು ತಿಂಗಳು.”

“ಆಯ್ಕೆ ಬರೋ ಭಾನುವಾರ.”

“ಚೆನ್ನಾಗಿ ಕೂರೋದನ್ನೇ ಕೊಟ್ಟಿದ್ದೀನಲ್ಲ! ಇನ್ನೇನು ಮಾಡ್ಲಿ?”

ಅವಳು ಪಿಸ್ತೂಲನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ದಾರಿಯಲ್ಲಿ ಮರದ ಬಿರುಕು ತುಂಬಿ ಮೆತ್ತುವ ಪುಟ್ಟಿಯ ಒಂದು ಡಬ್ಬಿ ಕೊಂಡಳು. ಮನೆಗೆ ಬಂದು ಹಿಡಿಯ ತಿರುಪು ಬಿಚ್ಚಿ, ಹೆಬ್ಬೆರಳ ಗುಳಿಯನ್ನು ತುಂಬಿದಳು, ಬೆರಳ ಕಚ್ಚುಗಳನ್ನೂ ತುಂಬಿ ಸಪಾಟು ಮಾಡಿದಳು. ಒಣಗಿದ ಮೇಲೆ ಉಜ್ಜು ಕಾಗದ ಹಿಡಿದಳು. ಹೊಲಿಗೆ ಒಂದು ಎಳೆ ಬಿಗಿಯಾದರೂ ಬಿಚ್ಚಿ ಸಡಿಲ ಮಾಡಿಕೊಟ್ಟ ಕೈ ಅದು. ಈಗ ಚೆಂದದ ಮರವನ್ನು ಅಂದಗೆಡಿಸುತ್ತ ಕೂತಿತ್ತು. ತಂಗಿ ಬಂದು ನೋಡಿ, “ಅಯ್ಯೋ, ಗೋಡೆಗೆ ಸಿಮೆಂಟು ಮೆತ್ತಿದ ಹಾಗಿದೆಯಲ್ಲೇ ಅಕ್ಕ!” ಎಂದಳು.

“ಬಾಯಿ ಮುಚ್ಚು. ಇಲ್ಲ ಅಂದ್ರೆ ಅದಕ್ಕೂ ಮೆತ್ತೀನು.”

ನಾಲ್ಕು ದಿನ ಅಭ್ಯಾಸ ಮಾಡಿದಳು. ಹಿಡಿಯ ಮೂಲೆ ಅಂಗೈಗೆ ಚುಚ್ಚಿ ಕೆಂಪು ಬರೆ ಎದ್ದಿತು. ಗುಂಡುಗಳು ಮಾತ್ರ ಒಂದೊಂದಾಗಿ ಕಪ್ಪಿನೊಳಗೆ ಬರತೊಡಗಿದವು.

ಭಾನುವಾರ ಆಯ್ಕೆ ನಡೆಸುವವರು ಮೊದಲು, ಗಾತ್ರ ನಿಯಮದೊಳಗಿದೆಯೇ ಎಂದು ಪಿಸ್ತೂಲನ್ನು ಅಳತೆಯ ಪೆಟ್ಟಿಗೆಯೊಳಗೆ ಇಳಿಸಿ ನೋಡಿದರು. ಪುಟ್ಟಿ ಮೆತ್ತಿದ ಹಿಡಿ ಅಂಚಿಗೆ ಸವರಿಕೊಂಡು ಒಳಗೆ ಹೋಯಿತು. ನಿಂತು, ಒಂಟಿ ಕೈಯಲ್ಲಿ ಅರವತ್ತು ಗುಂಡು. ನಲವತ್ತರ ತನಕ ಅವಳು ಎರಡನೆಯವಳು. ಆಮೇಲೆ ಬರೆ ಒಡೆದು ಅಂಗೈ ಒದ್ದೆಯಾಯಿತು. ಐವತ್ತನೆಯ ಗುಂಡಿನ ಹೊತ್ತಿಗೆ ಬೆರಳುಗಳು ಮತ್ತೆ ಮುಚ್ಚಿಕೊಳ್ಳಲು ನೋಡಿದವು. ಅವಳು ತೋಳು ಇಳಿಸಿದಳು, ಕೈ ಒರೆಸಿಕೊಂಡಳು, ಮತ್ತೆ ಎತ್ತಿದಳು. ಎರಡು ಗುಂಡು ಕೆಳಗೆ ಹೋದವು, ಎಡಕ್ಕೆ. ಉಳಿದವು ಹೋಗಲಿಲ್ಲ.

ಮೂರನೆಯ ಜಾಗಕ್ಕೆ ಅವಳದು ಐನೂರ ಇಪ್ಪತ್ತೊಂಬತ್ತು ಅಂಕ. ನಾಲ್ಕನೆಯವಳದು ಐನೂರ ಇಪ್ಪತ್ತೆಂಟು.

ಮೇಷ್ಟ್ರು ಕೈ ಕುಲುಕಲು ಬಂದರು. “ಮುಟ್ಟಬೇಡಿ ಮೇಷ್ಟ್ರೇ, ಉರೀತಿದೆ,” ಎಂದು ಅವಳು ಎಡಗೈ ಕೊಟ್ಟಳು.

“ಪಂದ್ಯಕ್ಕೆ ಇನ್ನೂ ಐದು ವಾರ ಇದೆ. ಆ ಮೂಲೆ ಸ್ವಲ್ಪ ಉಜ್ಜಿ ನಯ ಮಾಡ್ಕೊಳ್ಳಿ.”

“ನಯ ಮಾಡಿದ್ರೆ ಕೈ ಹಿಗ್ಗುತ್ತೆ. ಹಿಗ್ಗಿದ್ರೆ ಕತ್ತರಿಸುತ್ತೆ,” ಎಂದು ಗೊಣಗುತ್ತ ಕತ್ತರಿಯಕ್ಕ ಅಂಗೈಗೆ ಪಟ್ಟಿ ಸುತ್ತಿಕೊಂಡಳು. “ಚುಚ್ಚಲಿ ಬಿಡಿ ಹಾಳಾದ್ದು.”